ಎಂಟು ಸಂಖ್ಯೆ, ಎರಡು ಉತ್ತರ: ಲೈಬ್ರರಿಗಳು ಲೆಕ್ಕ ಹಾಕೋವಾಗ ಒಳಗೆ ಏನಾಗತ್ತೆ

ಎಲ್ಲರಿಗೂ ನಮಸ್ಕಾರ. ಇದು ಮಾತಾಡಿದ್ದನ್ನ ಬರಹಕ್ಕೆ ಇಳಿಸಿರೋದು, ಸ್ಲೈಡಲ್ಲಿ ತೋರಿಸಿದ ಕೋಡನ್ನ ಇಲ್ಲಿ ಮಾತಲ್ಲೇ ಹೇಳಿದೀನಿ, ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಕೊನೇಲಿ ಸೇರಿಸಿದೀನಿ.

ಎಂಟು ಸಂಖ್ಯೆ ತಗೊಳ್ಳೋಣ: 2, 4, 4, 4, 5, 5, 7, 9. ಇವತ್ತಿನ ಮಾತೆಲ್ಲ ಹೆಚ್ಚುಕಮ್ಮಿ ಈ ಎಂಟರ ಸುತ್ತಾನೇ ನಡೆಯೋದು, ಹಾಗಾಗಿ ಒಂದು ಕಡೆ ಬರ್ಕೊಂಡ್ಬಿಡಿ. ಈ ಎಂಟನ್ನ ಪೈಥಾನ್ ಭಾಷೆಯ ನಂಪೈ ಅನ್ನೋ ಲೈಬ್ರರಿಗೆ, ಅಂದ್ರೆ ಬೇರೆಯೋರು ಬರೆದಿಟ್ಟ ಕೋಡಿನ ಸಂಗ್ರಹಕ್ಕೆ, ಕೊಟ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ (ಸಂಖ್ಯೆಗಳು ಸರಾಸರಿ ಸುತ್ತ ಎಷ್ಟು ಹರಡಿವೆ ಅನ್ನೋ ಅಳತೆ) ಎಷ್ಟು ಅಂತ ಕೇಳಿದ್ರೆ 2 ಅನ್ನತ್ತೆ. ಅದೇ ಎಂಟನ್ನ ಇನ್ನೊಂದು ಪೈಥಾನ್ ಲೈಬ್ರರಿ ಪಾಂಡಾಸ್‌ಗೆ ಕೊಟ್ಟು, ಅದೇ ಹೆಸರಿನ ಫಂಕ್ಷನ್ ಕರೆದ್ರೆ 2.138 ಅನ್ನತ್ತೆ. ಪಾಂಡಾಸ್ ಕಟ್ಟಿರೋದೇ ನಂಪೈ ಮೇಲೆ, ಆದ್ರೂ ಉತ್ತರ ಬೇರೆ. ಎರಡರಲ್ಲಿ ಯಾವುದರಲ್ಲೂ ಬಗ್ ಇಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದಾರೆ ಅಷ್ಟೇ, ಆದ್ರೆ ನಾವು ಯಾವ ಪ್ರಶ್ನೆ ಕೇಳಿದೀವಿ ಅನ್ನೋದು ನಮಗೇ ಗೊತ್ತಿರಲ್ಲ. ಲೈಬ್ರರಿಯ ಪ್ರತಿ ಸಣ್ಣ ಫಂಕ್ಷನ್ ಒಳಗೂ ಯಾರೋ ನಮ್ಮ ಪರವಾಗಿ ಒಂದಷ್ಟು ತೀರ್ಮಾನ ತಗೊಂಡಿರ್ತಾರೆ, ಆ ತೀರ್ಮಾನಗಳು ಏನೇನು ಅನ್ನೋದನ್ನ ಬಿಡಿಸಿ ನೋಡೋದೇ ಇವತ್ತಿನ ಕೆಲಸ.

ಸರಾಸರಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅದರಲ್ಲಿ ತಿಳ್ಕೊಳ್ಳೋಕೆ ಏನೂ ಇಲ್ಲ ಅಂತಾನೇ ಬಹಳ ಜನ ಅಂದ್ಕೊಂಡಿರ್ತಾರೆ. ಎಲ್ಲಾ ಕೂಡಿಸು, ಎಣಿಕೆಯಿಂದ ಭಾಗಿಸು. ನಮ್ಮ ಎಂಟರ ಮೊತ್ತ 40, ಸರಾಸರಿ 5, ಮುಗೀತು. ಕಾಗದದ ಮೇಲೆ ನಿಜವಾಗ್ಲೂ ಮುಗೀತು. ಕಂಪ್ಯೂಟರ್ ಒಳಗೆ ಮಾತ್ರ ಆ "ಕೂಡಿಸು" ಅನ್ನೋದು ಅಷ್ಟು ಸಲೀಸಲ್ಲ.

ಈಗ ನಾಲ್ಕೇ ನಾಲ್ಕು ಸಂಖ್ಯೆ ನೋಡಿ. ಮೊದಲನೇದು 1ರ ಮುಂದೆ 16 ಸೊನ್ನೆ, ಆಮೇಲೆ 1, ಮತ್ತೆ 1, ಕೊನೇದು ಮೊದಲನೇದರದ್ದೇ ಮೈನಸ್. ಮೊತ್ತ 2, ಸರಾಸರಿ 0.5 ಅಂತ ಶಾಲೆ ಮಕ್ಕಳೂ ಹೇಳ್ತಾರೆ. ಆದ್ರೆ ಸಾಮಾನ್ಯ ಲೂಪ್ ಬರೆದು ಡಬಲ್ ಟೈಪಲ್ಲಿ (ದಶಮಾಂಶ ಸಂಖ್ಯೆಗಳನ್ನ 64 ಬಿಟ್ಟಲ್ಲಿ ಇಡೋ ರೀತಿ) ಒಂದೊಂದಾಗಿ ಕೂಡಿಸ್ತಾ ಹೋದ್ರೆ ಬರೋದು 0. ಯಾಕೆ ಅಂದ್ರೆ ಡಬಲ್‌ಗೆ ಇರೋದು 53 ಬಿಟ್‌ನಷ್ಟು ನಿಖರತೆ, 9007199254740992 ದಾಟಿದ ಮೇಲೆ ಅದು ಪಕ್ಕಪಕ್ಕದ ಎಲ್ಲಾ ಪೂರ್ಣಾಂಕಗಳನ್ನೂ ಹಿಡಿಯಲ್ಲ, ಎರಡೆರಡೇ ಹೆಜ್ಜೆ ಹಾಕತ್ತೆ. ಅಷ್ಟು ದೊಡ್ಡ ಸಂಖ್ಯೆಗೆ 1 ಕೂಡಿಸಿದ್ರೆ ಆ 1 ಉಳ್ಕೊಳ್ಳೋಕೆ ಜಾಗಾನೇ ಇಲ್ಲ, ಅದು ಹೋಯ್ತು, ಎರಡನೇ 1 ಕೂಡ ಹೋಯ್ತು, ಕೊನೇಲಿ ದೊಡ್ಡದು ದೊಡ್ಡದರ ಜೊತೆ ಹೊಡ್ಕೊಂಡು ಸೊನ್ನೆ ಉಳೀತು. ಅದೇ ನಾಲ್ಕನ್ನ ಕ್ರಮ ಬದಲಾಯಿಸಿ, ದೊಡ್ಡ ಎರಡನ್ನ ಮೊದಲು ಕೂಡಿಸಿ ಆಮೇಲೆ ಒಂದುಗಳನ್ನ ಸೇರಿಸಿದ್ರೆ ಸರಿಯಾಗಿ 2 ಬರತ್ತೆ. ಅಂದ್ರೆ ಕ್ರಮ ಬದಲಾದ್ರೆ ಮೊತ್ತ ಬದಲಾಗತ್ತೆ! ಗಣಿತದಲ್ಲಿ ಯಾವತ್ತೂ ಆಗದ್ದು ಇಲ್ಲಿ ಆಗತ್ತೆ.

ಇಂಥ ದೊಡ್ಡ ಸಂಖ್ಯೆ ನಮ್ಮ ಡೇಟಾದಲ್ಲಿ ಬರಲ್ಲ ಅಂತ ನಿಮಗನ್ನಿಸಬಹುದು, ಸರಿ, ಹಾಗಾದ್ರೆ ಮೆಮೊರಿ ಉಳಿಸೋಕೆ ಅಂತ ಎಲ್ಲರೂ ಬಳಸೋ 32 ಬಿಟ್ ಫ್ಲೋಟ್, ಅಂದ್ರೆ ಡಬಲ್ಲಿನ ಅರ್ಧ ಜಾಗ ಹಿಡಿಯೋ ರೂಪ, ನೋಡೋಣ. ಅದರ ಮಿತಿ ಇನ್ನೂ ಹತ್ತಿರ ಇದೆ: 16777216. ಅಲ್ಲಿಗೆ ಬಂದ ಮೇಲೆ 1 ಕೂಡಿಸಿದ್ರೆ ಮತ್ತೆ 16777216 ಬರತ್ತೆ, ಎಷ್ಟು ಸಲ ಕೂಡಿಸಿದ್ರೂ ಅಷ್ಟೇ. ಹಾಗಾಗಿ 2 ಕೋಟಿ ಸಲ ಬರೀ 1 ಅನ್ನೋ ಸಂಖ್ಯೆ ಇರೋ ಅರೇನ (ಸಂಖ್ಯೆಗಳ ಸಾಲು) 32 ಬಿಟ್ ಮೊತ್ತದಲ್ಲಿ ಒಂದೊಂದಾಗಿ ಕೂಡಿಸಿ ಭಾಗಿಸಿದ್ರೆ ಸರಾಸರಿ 0.8388608 ಬರತ್ತೆ. ಎಲ್ಲಾ ಸಂಖ್ಯೆಯೂ 1, ಸರಾಸರಿ 0.84! ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಏನೂ ಇಲ್ಲ.

ಇದನ್ನ ಲೈಬ್ರರಿ ಬರೆಯೋರು ಬೇರೆ ಬೇರೆ ರೀತಿ ನಿಭಾಯಿಸಿದಾರೆ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗೋ ಭಾಗ ಇದೇ. ವಿಲಿಯಂ ಕಾಹನ್ 1965ರಲ್ಲಿ ಒಂದು ಉಪಾಯ ಪ್ರಕಟಿಸಿದ್ರು: ಕೂಡಿಸೋವಾಗ ಪ್ರತಿ ಹೆಜ್ಜೇಲೂ ಎಷ್ಟು ಕಳೆದುಹೋಯ್ತು ಅನ್ನೋದನ್ನ ಇನ್ನೊಂದು ವೇರಿಯಬಲ್ಲಲ್ಲಿ ಹಿಡಿದಿಟ್ಕೊಂಡು ಮುಂದಿನ ಹೆಜ್ಜೇಲಿ ವಾಪಸ್ ಸೇರಿಸೋದು. ಜಾವಾದಲ್ಲಿ ಡಬಲ್‌ಗಳ ಸಮ್ಮರಿ ಕೊಡೋ ಕ್ಲಾಸ್ ಒಳಗೆ ಇಂಥದ್ದೇ ಕೆಲಸ ಮಾಡತ್ತೆ. ಪೈಥಾನ್‌ನ ಮಾಮೂಲಿ ಸಮ್ ಫಂಕ್ಷನ್ ಕೂಡ 3.12ನೇ ಆವೃತ್ತಿಯಿಂದ ಫ್ಲೋಟ್‌ಗಳಿಗೆ ಈ ಥರ ಸರಿಪಡಿಸ್ಕೊಂಡು ಕೂಡಿಸತ್ತೆ, ಹಾಗಾಗಿ ಮೇಲಿನ ನಾಲ್ಕು ಸಂಖ್ಯೆಗೆ ಹಳೇ ಪೈಥಾನ್ 0 ಕೊಡತ್ತೆ, ಹೊಸದು 2 ಕೊಡತ್ತೆ, ಒಂದೇ ಕೋಡ್! ಮ್ಯಾಥ್ ಮಾಡ್ಯೂಲಿನ ಎಫ್‌ಸಮ್ ಮೊದಲಿಂದಾನೂ ಸರಿಯಾಗೇ ಕೊಡ್ತಿತ್ತು. ನಂಪೈ ಇನ್ನೊಂದು ದಾರಿ ಹಿಡಿದಿದೆ, ಅರೇನ ಅರ್ಧ ಅರ್ಧ ಮಾಡ್ಕೊಂಡು ಹೋಗಿ ಸಣ್ಣ ತುಂಡುಗಳ ಮೊತ್ತ ಮಾಡಿ ಆಮೇಲೆ ಆ ಮೊತ್ತಗಳನ್ನ ಜೋಡಿಸತ್ತೆ, ಇದರಿಂದ ಹೆಚ್ಚು ಖರ್ಚಿಲ್ಲದೆ ತಪ್ಪು ಬಹಳ ಕಮ್ಮಿಯಾಗತ್ತೆ, ಆದ್ರೆ ಮೆಮೊರೀಲಿ ಒಂದರ ಪಕ್ಕ ಒಂದು ಇರೋ ದಿಕ್ಕಲ್ಲಿ ಕೂಡಿಸಿದಾಗ ಮಾತ್ರ ಇದರ ಪೂರ್ತಿ ಲಾಭ, ಬೇರೆ ದಿಕ್ಕಲ್ಲಿ ಕೂಡಿಸಿದ್ರೆ ಸಿಗದೇ ಇರಬಹುದು. 32 ಬಿಟ್ ಅರೇ ಕೊಟ್ರೆ ನಂಪೈ ಸರಾಸರೀನೂ 32 ಬಿಟ್ಟಲ್ಲೇ ಲೆಕ್ಕ ಹಾಕತ್ತೆ, 64 ಬಿಟ್ಟಲ್ಲಿ ಮಾಡು ಅಂತ ಟೈಪ್ ಹೇಳೋ ಪ್ಯಾರಾಮೀಟರ್ ಡಿಟೈಪ್‌ನಲ್ಲಿ ಹೇಳಿದ್ರೆ ಮಾತ್ರ ಹಾಗೆ ಮಾಡತ್ತೆ. ಒಂದು ಪದ ಸೇರಿಸೋದು, ದಯವಿಟ್ಟು ಸೇರಿಸಿ.

ಪೈಥಾನ್ ಜೊತೇಲೇ ಬರೋ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ 3.4ರಲ್ಲಿ, ಅಂದ್ರೆ 2014ರಲ್ಲಿ ಬಂತು. ಇದು ನಂಪೈ ಜೊತೆ ಪೈಪೋಟಿಗೆ ಇಳಿದಿರೋದಲ್ಲ, ಸೈಂಟಿಫಿಕ್ ಕ್ಯಾಲ್ಕುಲೇಟರ್ ಮಟ್ಟದ ಕೆಲಸಕ್ಕೆ ಇರೋದು ಅಂತ ಅದರ ಡಾಕ್ಯುಮೆಂಟೇಶನ್ನೇ ಹೇಳತ್ತೆ. ಅದರ ಮೀನ್ ಫಂಕ್ಷನ್ ಒಳಗೊಳಗೇ ಸಂಖ್ಯೆಗಳನ್ನ ಭಿನ್ನರಾಶಿ ಮಾಡ್ಕೊಂಡು ನಿಖರವಾಗಿ ಕೂಡಿಸತ್ತೆ, ಅದಕ್ಕೇ ನಿಧಾನ. ನಿಧಾನ ಆಯ್ತು ಅಂತ 3.8ರಲ್ಲಿ ಎಫ್‌ಮೀನ್ ಅಂತ ಇನ್ನೊಂದು ಸೇರಿಸಿದ್ರು, ಅದು ಎಲ್ಲಾನೂ ಫ್ಲೋಟ್ ಮಾಡ್ಕೊಂಡು ಬೇಗ ಮುಗಿಸತ್ತೆ. ಸಾವಿರಾರು ಸಂಖ್ಯೆಗಳವರೆಗೆ ಈ ಮಾಡ್ಯೂಲ್ ಧಾರಾಳ ಸಾಕು ಅಂತ ನನ್ನ ಅಭಿಪ್ರಾಯ, ಎಲ್ಲದಕ್ಕೂ ದೊಡ್ಡ ಲೈಬ್ರರಿ ಇನ್‌ಸ್ಟಾಲ್ ಮಾಡೋ ಅಗತ್ಯ ಇಲ್ಲ.

ಈಗ ಶುರೂಲಿ ಹೇಳಿದ 2 ಮತ್ತು 2.138ರ ವಿಷಯ. ನಮ್ಮ ಎಂಟರ ಸರಾಸರಿ 5. ಒಂದೊಂದು ಸಂಖ್ಯೆ 5ರಿಂದ ಎಷ್ಟು ದೂರ ಇದೆ ನೋಡಿದ್ರೆ -3, -1, -1, -1, 0, 0, 2, 4. ವರ್ಗ ಮಾಡಿ ಕೂಡಿಸಿದ್ರೆ 32. ಇಲ್ಲೀವರೆಗೂ ಎಲ್ಲಾ ಲೈಬ್ರರಿಗಳೂ ಒಂದೇ. 32ನ್ನ 8ರಿಂದ ಭಾಗಿಸಿದ್ರೆ ವೇರಿಯನ್ಸ್ 4, ಅದರ ವರ್ಗಮೂಲ 2. 7ರಿಂದ ಭಾಗಿಸಿದ್ರೆ 4.571, ವರ್ಗಮೂಲ 2.138. ನಂಪೈ 8ರಿಂದ ಭಾಗಿಸತ್ತೆ, ಪಾಂಡಾಸ್ 7ರಿಂದ.

7 ಯಾಕೆ ಅನ್ನೋದನ್ನ ಬಹಳ ಕಡೆ "ಡಿಗ್ರೀಸ್ ಆಫ್ ಫ್ರೀಡಂ" ಅಂತ ಒಂದು ಮಾತಲ್ಲಿ ಮುಗಿಸ್ತಾರೆ, ಕೇಳಿದೋರು ತಲೆ ಆಡಿಸಿ ಸುಮ್ಮನಾಗ್ತಾರೆ. ನಿಧಾನವಾಗಿ ನೋಡೋಣ. ನಮ್ಮ ಎಂಟು ಒಂದು ದೊಡ್ಡ ಗುಂಪಿಂದ ಎತ್ಕೊಂಡ ಸ್ಯಾಂಪಲ್ ಅಂತಿಟ್ಕೊಳ್ಳಿ, ಆ ದೊಡ್ಡ ಗುಂಪಿನ ನಿಜವಾದ ಸರಾಸರಿ 5 ಅಲ್ಲ, 6 ಅಂತಿಟ್ಕೊಳ್ಳಿ. ಆಗ ದೂರಗಳನ್ನ 6ರಿಂದ ಅಳೀಬೇಕಿತ್ತು, ವರ್ಗಗಳ ಮೊತ್ತ 40 ಬರ್ತಿತ್ತು. ನಿಜವಾದ ಸರಾಸರಿ 4 ಆಗಿದ್ರೂ 40ನೇ. 5 ಬಿಟ್ಟು ಬೇರೆ ಯಾವ ಜಾಗದಿಂದ ಅಳೆದ್ರೂ 32ಕ್ಕಿಂತ ಜಾಸ್ತೀನೇ ಬರತ್ತೆ, ಯಾಕಂದ್ರೆ ಆ ಮೊತ್ತ ಅತಿ ಕಮ್ಮಿ ಆಗೋ ಜಾಗಾನೇ ಈ ಎಂಟರ ಸ್ವಂತ ಸರಾಸರಿ. ಅಂದ್ರೆ ಸ್ಯಾಂಪಲ್ಲಿನ ಸರಾಸರಿಯಿಂದ ಅಳೆದಾಗ ಹರಡುವಿಕೆ ಯಾವಾಗ್ಲೂ ಇರೋದಕ್ಕಿಂತ ಕಮ್ಮಿ ಕಡೆಗೇ ವಾಲಿರತ್ತೆ. ಆ ಕೊರತೆ ತುಂಬೋಕೆ ಭಾಜಕಾನ ಒಂದು ಕಮ್ಮಿ ಮಾಡ್ತೀವಿ, ಹಾಗೆ ಮಾಡಿದಾಗ ವೇರಿಯನ್ಸಿನ ಅಂದಾಜು ಸರಾಸರಿ ಮೇಲೆ ಸರಿಯಾಗಿ ಕೂರತ್ತೆ. ಫ್ರೆಡ್ರಿಕ್ ಬೆಸೆಲ್ ಹೆಸರಲ್ಲಿ ಇದನ್ನ ಬೆಸೆಲ್ ಕರೆಕ್ಷನ್ ಅಂತಾರೆ. ವರ್ಗಮೂಲ ತೆಗೆದ ಮೇಲೆ ಸ್ವಲ್ಪ ಕೊರತೆ ಮತ್ತೆ ಉಳಿಯತ್ತೆ, ಅದು ಬೇರೆ ಕಥೆ, ಇವತ್ತು ಬೇಡ.

ಹಾಗಾದ್ರೆ ಯಾವುದು ಬಳಸೋದು? ನಿಮ್ಮ ಹತ್ರ ಇರೋದೇ ಪೂರ್ತಿ ಗುಂಪು, ಅದರಾಚೆ ಏನನ್ನೂ ಅಂದಾಜು ಮಾಡ್ತಿಲ್ಲ ಅಂದ್ರೆ 8. ಇರೋದು ಒಂದು ತುಣುಕು, ಅದರಿಂದ ದೊಡ್ಡದರ ಬಗ್ಗೆ ಹೇಳ್ಬೇಕು ಅಂದ್ರೆ 7. ಲೈಬ್ರರಿಗಳ ಡೀಫಾಲ್ಟ್ ಮಾತ್ರ ಒಂದೇ ಥರ ಇಲ್ಲ. ನಂಪೈಯಲ್ಲಿ ಡಿಡಿಒಎಫ್ ಅನ್ನೋ ಪ್ಯಾರಾಮೀಟರ್ (ಎಣಿಕೆಯಿಂದ ಎಷ್ಟು ಕಳೆದು ಭಾಗಿಸ್ಬೇಕು ಅನ್ನೋದು) 0, ಪಾಂಡಾಸಲ್ಲಿ 1. ಆರ್ ಭಾಷೆಯ ಎಸ್‌ಡಿ ಯಾವಾಗ್ಲೂ ಒಂದು ಕಮ್ಮಿ. ಪೈಥಾನ್ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಲ್ಲಿ ಎಸ್‌ಟಿಡೆವ್ ಮತ್ತು ಪಿ‌ಎಸ್‌ಟಿಡೆವ್ ಅಂತ ಎರಡು ಬೇರೆ ಬೇರೆ ಹೆಸರೇ ಇಟ್ಟಿದಾರೆ, ಎಕ್ಸೆಲ್ಲಲ್ಲೂ ಕೊನೇಲಿ ಎಸ್ ಇರೋದು ಒಂದು, ಪಿ ಇರೋದು ಒಂದು. ಹೆಸರಲ್ಲೇ ಬೇರೆ ಮಾಡಿರೋದು ನನಗೆ ಸರಿ ಅನ್ಸತ್ತೆ, ಕರೆಯೋವಾಗಲೇ ಯೋಚನೆ ಮಾಡೋ ಹಾಗೆ ಮಾಡತ್ತೆ. ನಂಪೈ 2.0ರಿಂದ ಕರೆಕ್ಷನ್ ಅನ್ನೋ ಇನ್ನೊಂದು ಹೆಸರಿನ ಪ್ಯಾರಾಮೀಟರ್ ಕೂಡ ಬಂದಿದೆ, ಕೆಲಸ ಡಿಡಿಒಎಫ್‌ದೇ, ಓದೋರಿಗೆ ಅರ್ಥ ಆಗೋ ಹೆಸರು.

ದೊಡ್ಡ ಡೇಟಾ ಇದ್ರೆ ಇದರಿಂದ ಏನೂ ಆಗಲ್ಲ, 10000 ಸಂಖ್ಯೆಗೆ ವ್ಯತ್ಯಾಸ 0.005 ಪರ್ಸೆಂಟ್. ತೊಂದರೆ ಬರೋದು ಡೇಟಾನ ಗುಂಪು ಗುಂಪಾಗಿ ಒಡೆದಾಗ. ಒಂದು ಗುಂಪಲ್ಲಿ 3 ಸಂಖ್ಯೆ ಇದ್ರೆ ಎರಡು ಉತ್ತರಗಳ ನಡುವೆ ಸುಮಾರು 22 ಪರ್ಸೆಂಟ್ ವ್ಯತ್ಯಾಸ, 2 ಇದ್ರೆ 41 ಪರ್ಸೆಂಟ್. ಒಂದೇ ಒಂದು ಸಂಖ್ಯೆ ಇದ್ರೆ? ನಂಪೈ 0 ಅನ್ನತ್ತೆ. ಪಾಂಡಾಸ್ ನ್ಯಾನ್, ಅಂದ್ರೆ "ಇದು ಸಂಖ್ಯೆ ಅಲ್ಲ" ಅನ್ನೋ ಗುರುತು, ಕೊಡತ್ತೆ. ಪೈಥಾನ್‌ನ ಎಸ್‌ಟಿಡೆವ್ ಎರರ್ ಎಸೆಯತ್ತೆ. ಒಂದು ಸಂಖ್ಯೆಯಿಂದ ಹರಡುವಿಕೆ ಅಂದಾಜು ಮಾಡೋಕೆ ಆಗಲ್ಲ ಅನ್ನೋದೇ ನಿಜ, ಆ 0 ನೋಡಿ "ಓ ಈ ಗುಂಪು ತುಂಬಾ ಸ್ಥಿರವಾಗಿದೆ" ಅಂತ ವರದಿ ಬರೆದ್ರೆ ಕಥೆ ಮುಗೀತು.

ವೇರಿಯನ್ಸ್ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ, ಇದರಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಎಷ್ಟೋ ಪಠ್ಯಪುಸ್ತಕಗಳಲ್ಲಿ ಒಂದು ಶಾರ್ಟ್‌ಕಟ್ ಸೂತ್ರ ಕೊಟ್ಟಿರ್ತಾರೆ: ವರ್ಗಗಳ ಮೊತ್ತದಿಂದ, ಮೊತ್ತದ ವರ್ಗವನ್ನ ಎಣಿಕೆಯಿಂದ ಭಾಗಿಸಿದ್ದನ್ನ ಕಳೆಯಿರಿ ಅಂತ. ಡೇಟಾ ಮೇಲೆ ಒಂದೇ ಸುತ್ತು ಸಾಕು, ಎರಡು ಮೊತ್ತ ಇಟ್ಕೊಂಡ್ರೆ ಆಯ್ತು, ಕೋಡ್ ಬರೆಯೋಕೆ ಬಹಳ ಆಕರ್ಷಕ. ನಮ್ಮ ಎಂಟಕ್ಕೆ ವರ್ಗಗಳ ಮೊತ್ತ 232, ಮೊತ್ತದ ವರ್ಗ 1600, ಅದನ್ನ 8ರಿಂದ ಭಾಗಿಸಿದ್ರೆ 200, ಕಳೆದ್ರೆ 32. ಸರಿಯಾಗೇ ಬಂತು. ಈಗ 1000000001, 1000000002, 1000000003 ಈ ಮೂರು ಕೊಡಿ. ಒಂದೊಂದೇ ಅಂತರ ಇರೋ ಮೂರು ಸಂಖ್ಯೆ, ದೂರಗಳ ವರ್ಗದ ಮೊತ್ತ 2, ಸ್ಯಾಂಪಲ್ ವೇರಿಯನ್ಸ್ 1. ಟೈಮ್‌ಸ್ಟ್ಯಾಂಪ್ (ಸಮಯಾನ ಸೆಕೆಂಡುಗಳಲ್ಲಿ ಎಣಿಸಿದ ಸಂಖ್ಯೆ) ಜೊತೆ ಕೆಲಸ ಮಾಡೋರಿಗೆ ಈ ಅಳತೆಯ ಸಂಖ್ಯೆಗಳು ದಿನಾ ಬರ್ತವೆ. ಇವುಗಳ ವರ್ಗಗಳ ಮೊತ್ತ 3ರ ಮುಂದೆ 18 ಸೊನ್ನೆಯ ಆಸುಪಾಸು, ಅಲ್ಲಿ ಡಬಲ್‌ನ ಒಂದು ಹೆಜ್ಜೆ 512. ಕಳೆಯಬೇಕಾದ ಇನ್ನೊಂದು ಸಂಖ್ಯೇನೂ ಅದೇ ಜಾಗದಲ್ಲಿರತ್ತೆ. 512ರ ಹೆಜ್ಜೇಲಿ ನಡೆಯೋ ಎರಡು ಸಂಖ್ಯೆಗಳನ್ನ ಕಳೆದ್ರೆ ಸಿಗೋದು 0, ಇಲ್ಲಾ 512, ಇಲ್ಲಾ ಮೈನಸ್ 512, ಅಥವಾ ಅದರ ಗುಣಕಗಳು. ನಮಗೆ ಬೇಕಾದ 2 ಸಿಗೋ ಸಾಧ್ಯತೇನೇ ಇಲ್ಲ. ಮೈನಸ್ ಬಂದು ವರ್ಗಮೂಲ ತೆಗೆದಾಗ ನ್ಯಾನ್ ಬಂದ್ರೆ ಅದೃಷ್ಟ, ಕನಿಷ್ಠ ಏನೋ ತಪ್ಪಾಗಿದೆ ಅಂತ ಗೊತ್ತಾಗತ್ತೆ. 0 ಬಂದ್ರೆ ಯಾರೂ ಗಮನಿಸಲ್ಲ. ಎಕ್ಸೆಲ್ಲಲ್ಲೂ 2003ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಇದೇ ಶಾರ್ಟ್‌ಕಟ್ ಇತ್ತು, 2003ರಲ್ಲಿ ಎರಡು ಸುತ್ತಿನ ವಿಧಾನಕ್ಕೆ ಬದಲಾಯಿಸಿದ್ರು.

ಎರಡು ಸುತ್ತು ಅಂದ್ರೆ ಮೊದಲು ಸರಾಸರಿ, ಆಮೇಲೆ ಅದರಿಂದ ಪ್ರತಿಯೊಂದರ ದೂರ. ದೂರಗಳು ಸಣ್ಣ ಸಂಖ್ಯೆಗಳು, ಹಾಗಾಗಿ ನಿಖರತೆ ಉಳಿಯತ್ತೆ. ಆದ್ರೆ ಡೇಟಾ ಹರೀತಾ ಬರ್ತಿದ್ರೆ, ಎರಡನೇ ಸಲ ನೋಡೋಕೆ ಆಗದೇ ಇದ್ರೆ ಏನು ಮಾಡೋದು? ಇದಕ್ಕೆ ವೆಲ್ಫೋರ್ಡ್ ಅನ್ನೋರು 1962ರಲ್ಲಿ ಒಂದು ವಿಧಾನ ಪ್ರಕಟಿಸಿದ್ರು, ನನ್ನ ಪ್ರಕಾರ ಪ್ರೋಗ್ರಾಮಿಂಗ್ ಕಲಿಯೋ ಎಲ್ಲರೂ ಒಂದು ಸಲವಾದ್ರೂ ಕೈಯಾರೆ ಬರೆದು ನೋಡ್ಬೇಕಾದ್ದು. ಮೂರೇ ಸಂಖ್ಯೆ ನೆನಪಿಟ್ಕೊಳ್ಳೋದು: ಎಣಿಕೆ, ಈವರೆಗಿನ ಸರಾಸರಿ, ದೂರಗಳ ವರ್ಗದ ಮೊತ್ತ. ಹೊಸ ಸಂಖ್ಯೆ ಬಂದಾಗ ಎಣಿಕೆ ಒಂದು ಏರಿಸಿ, ಹಳೇ ಸರಾಸರಿಯಿಂದ ಅದರ ದೂರ ಲೆಕ್ಕ ಹಾಕಿ, ಆ ದೂರಾನ ಎಣಿಕೆಯಿಂದ ಭಾಗಿಸಿ ಸರಾಸರಿಗೆ ಸೇರಿಸಿ, ಆಮೇಲೆ ಹಳೇ ಸರಾಸರಿಯಿಂದ ಇದ್ದ ದೂರಾನ ಹೊಸ ಸರಾಸರಿಯಿಂದ ಇರೋ ದೂರದ ಜೊತೆ ಗುಣಿಸಿ ಮೂರನೇ ಮೊತ್ತಕ್ಕೆ ಸೇರಿಸಿ. ಮೊದಲು 2 ಬಂತು: ಸರಾಸರಿ 2, ಮೊತ್ತ 0. ಆಮೇಲೆ 4 ಬಂತು: ಹಳೇ ದೂರ 2, ಸರಾಸರಿ 3 ಆಯ್ತು, ಹೊಸ ದೂರ 1, ಮೊತ್ತ 2. ಹೀಗೇ ಎಂಟೂ ಮುಗಿಸಿದ್ರೆ ಮೊತ್ತ 32ಕ್ಕೇ ಬಂದು ನಿಲ್ಲತ್ತೆ. ಎಲ್ಲೂ ದೈತ್ಯ ಸಂಖ್ಯೆಗಳನ್ನ ಒಂದರಿಂದ ಒಂದು ಕಳೆಯೋ ಪ್ರಸಂಗಾನೇ ಬರಲ್ಲ.

ಇದರ ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ಡೇಟಾ ಎರಡು ಮೆಷಿನ್ನಲ್ಲಿ ಹಂಚಿಹೋಗಿದೆ ಅಂತಿಟ್ಕೊಳ್ಳಿ. ಒಂದರಲ್ಲಿ 2, 4, 4, 4. ಸರಾಸರಿ 3.5, ದೂರಗಳ ವರ್ಗದ ಮೊತ್ತ 3. ಇನ್ನೊಂದರಲ್ಲಿ 5, 5, 7, 9. ಸರಾಸರಿ 6.5, ಮೊತ್ತ 11. ಮೂಲ ಸಂಖ್ಯೆಗಳನ್ನ ಸಾಗಿಸದೇ ಈ ಮೂರು ಮೂರು ಸಂಖ್ಯೆಯಿಂದಾನೇ ಒಟ್ಟು ಉತ್ತರ ಬರತ್ತಾ? ಬರತ್ತೆ. ಸರಾಸರಿಗಳ ವ್ಯತ್ಯಾಸ 3, ಅದರ ವರ್ಗ 9, ಅದನ್ನ ಎರಡೂ ಎಣಿಕೆಗಳಿಂದ ಗುಣಿಸಿ ಒಟ್ಟು ಎಣಿಕೆಯಿಂದ ಭಾಗಿಸಿ: 9 ಗುಣಿಸು 4 ಗುಣಿಸು 4 ಭಾಗಿಸು 8, ಅಂದ್ರೆ 18. 3, 11, 18 ಕೂಡಿಸಿದ್ರೆ 32. ಚಾನ್, ಗೋಲಬ್, ಲೆವೆಕ್ ಅನ್ನೋ ಮೂವರು 1979ರಲ್ಲಿ ಬರೆದ ಸೂತ್ರ ಇದು, ದೊಡ್ಡ ಡೇಟಾನ ಹಲವು ಮೆಷಿನ್ನಲ್ಲಿ ಹಂಚಿ ಲೆಕ್ಕ ಹಾಕೋ ಸ್ಪಾರ್ಕ್ ಥರದ ವ್ಯವಸ್ಥೆಗಳು ಸಾವಿರಾರು ತುಂಡುಗಳಲ್ಲಿರೋ ಡೇಟಾದ ವೇರಿಯನ್ಸನ್ನ ಈ ರೀತಿಯ ಸೂತ್ರದಿಂದಾನೇ ಜೋಡಿಸೋದು. ಆ 18 ಏನು ಹೇಳತ್ತೆ ಗಮನಿಸಿ: ಒಟ್ಟು ಹರಡುವಿಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಗುಂಪಿನ ಒಳಗಿಲ್ಲ, ಗುಂಪುಗಳ ನಡುವೆ ಇದೆ.

ಸರಾಸರಿಗಳನ್ನ ಜೋಡಿಸೋವಾಗ ಎಣಿಕೆ ಮರೀಬಾರದು ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಮೇಲಿನ ಎರಡು ಗುಂಪಲ್ಲೂ ನಾಲ್ಕು ನಾಲ್ಕು ಇದ್ದಿದ್ದಕ್ಕೆ 3.5 ಮತ್ತು 6.5ರ ಸರಾಸರಿ ಸರಿಯಾಗಿ 5 ಬಂತು. ಗುಂಪುಗಳ ಗಾತ್ರ ಬೇರೆ ಬೇರೆ ಇದ್ರೆ ಸರಾಸರಿಗಳ ಸರಾಸರಿ ತಪ್ಪು, ಗಾತ್ರದ ತೂಕ ಹಾಕ್ಲೇಬೇಕು. ಹಾಗೇ ವೇಗದ ಥರದ್ದಕ್ಕೆ ಮಾಮೂಲಿ ಸರಾಸರೀನೇ ಬೇಡ, ಒಂದೇ ದೂರಾನ ಹೋಗೋವಾಗ ಗಂಟೆಗೆ 40, ಬರೋವಾಗ 60ರಲ್ಲಿ ಬಂದ್ರೆ ಸರಾಸರಿ ವೇಗ 50 ಅಲ್ಲ, 48. ಅದಕ್ಕೆ ಹಾರ್ಮೋನಿಕ್ ಮೀನ್ ಅಂತ ಬೇರೆ ಫಂಕ್ಷನ್ ಇದೆ.

ಮೀಡಿಯನ್‌ಗೆ ಬರೋಣ. ಸಾಲಾಗಿ ಜೋಡಿಸಿ ನಡುವಿಂದು ತಗೊಳ್ಳೋದು, ನಮ್ಮ ಎಂಟಕ್ಕೆ ನಡುವೆ 4 ಮತ್ತು 5, ಹಾಗಾಗಿ 4.5. ಕೊನೇ 9ನ್ನ ಯಾರೋ ತಪ್ಪಾಗಿ 900 ಅಂತ ಟೈಪ್ ಮಾಡಿದ್ರೆ ಸರಾಸರಿ 5ರಿಂದ 116.375ಕ್ಕೆ ಹಾರತ್ತೆ, ಮೀಡಿಯನ್ 4.5ರಲ್ಲೇ ಇರತ್ತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಪ್ರಿಂಟ್ ಮಾಡೋ ಅಭ್ಯಾಸ ಇಟ್ಕೊಂಡ್ರೆ, ಎರಡರ ನಡುವೆ ಇಷ್ಟು ದೊಡ್ಡ ಅಂತರ ಬಂದಾಗ ಡೇಟಾ ಕಡೆ ಒಂದ್ಸಲ ಕಣ್ಣು ಹೋಗತ್ತೆ. ಜಾವಾಸ್ಕ್ರಿಪ್ಟಲ್ಲಿ ಸ್ವಂತ ಮೀಡಿಯನ್ ಬರೆಯೋರು ಒಂದು ವಿಷಯ ನೋಡ್ಕೊಳ್ಳಿ, ಅಲ್ಲಿ ಸಾಮಾನ್ಯ ಅರೇಯ ಸಾರ್ಟ್ ಡೀಫಾಲ್ಟಾಗಿ ಸಂಖ್ಯೆಗಳನ್ನೂ ಅಕ್ಷರ ಅಂತಾನೇ ಹೋಲಿಸತ್ತೆ, 10, 9, 1 ಕೊಟ್ರೆ 1, 10, 9 ಅಂತ ಜೋಡಿಸತ್ತೆ, ನಡುವಿಂದು 10 ಆಗ್ಬಿಡತ್ತೆ. ಹೋಲಿಸೋ ಫಂಕ್ಷನ್ ಕೊಡ್ಲೇಬೇಕು.

ಕ್ವಾರ್ಟೈಲ್, ಪರ್ಸೆಂಟೈಲ್ (ಸಾಲಾಗಿ ಜೋಡಿಸಿದ ಡೇಟಾನ ನಾಲ್ಕು ಅಥವಾ ನೂರು ಪಾಲು ಮಾಡೋ ಜಾಗಗಳು) ವಿಷಯಕ್ಕೆ ಬಂದ್ರೆ ಗೊಂದಲ ಇನ್ನೂ ಜಾಸ್ತಿ. ನಮ್ಮ ಎಂಟರ ಮೂರನೇ ಕ್ವಾರ್ಟೈಲ್ ನಂಪೈ ಕೇಳಿದ್ರೆ 5.5, ಪೈಥಾನ್ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ ಕ್ವಾಂಟೈಲ್ಸ್ ಕೇಳಿದ್ರೆ 6.5. ಎರಡೂ ಸರಿ. ಎಂಟು ಸಂಖ್ಯೆಯಲ್ಲಿ 75 ಪರ್ಸೆಂಟಿನ ಜಾಗ ಎಲ್ಲಿ ಅನ್ನೋದಕ್ಕೆ ಒಂದೇ ಒಪ್ಪಿತ ಉತ್ತರ ಇಲ್ಲ. ಹೈಂಡ್‌ಮನ್ ಮತ್ತು ಫ್ಯಾನ್ ಅನ್ನೋ ಇಬ್ಬರು 1996ರಲ್ಲಿ ಚಾಲ್ತಿಯಲ್ಲಿರೋ ಒಂಬತ್ತು ವಿಧಾನ ಪಟ್ಟಿ ಮಾಡಿದ್ರು. ಆರ್ ಮತ್ತು ನಂಪೈ ಡೀಫಾಲ್ಟಾಗಿ ಏಳನೇದು ಬಳಸ್ತವೆ, ಪೈಥಾನ್ ಮಾಡ್ಯೂಲ್ ಆರನೇದು, ಇನ್‌ಕ್ಲೂಸಿವ್ ಅಂತ ಹೇಳಿದ್ರೆ ಅದೂ ಏಳನೇದಕ್ಕೆ ಬರತ್ತೆ. ಲಕ್ಷ ಸಂಖ್ಯೆ ಇದ್ರೆ ಸಾಮಾನ್ಯವಾಗಿ ಎಲ್ಲಾ ವಿಧಾನಾನೂ ಹತ್ತಿರ ಹತ್ತಿರಾನೇ ಬರತ್ತೆ, ಕಮ್ಮಿ ಇದ್ದಾಗ ಮಾತ್ರ ಯಾವ ವಿಧಾನ ಅಂತ ಬರೆದಿಡಿ.

ಮೋಡ್, ಅಂದ್ರೆ ಅತಿ ಹೆಚ್ಚು ಸಲ ಬರೋ ಸಂಖ್ಯೆ, ಅದರ ಬಗ್ಗೆ ಒಂದೇ ಮಾತು: ನಮ್ಮ ಎಂಟಕ್ಕೆ 4, ಅದರಲ್ಲಿ ಚರ್ಚೆ ಇಲ್ಲ, ಆದ್ರೆ ಎರಡು ಸಂಖ್ಯೆ ಸಮಸಮ ಬಂದ್ರೆ ಪೈಥಾನ್ 3.8ಕ್ಕೆ ಮುಂಚೆ ಎರರ್ ಕೊಡ್ತಿತ್ತು, ಈಗ ಮೊದಲು ಸಿಕ್ಕಿದ್ದನ್ನ ಕೊಡತ್ತೆ, ಎಲ್ಲಾ ಬೇಕು ಅಂದ್ರೆ ಮಲ್ಟಿಮೋಡ್ ಇದೆ.

ಇನ್ನು ಇಲ್ಲದೇ ಇರೋ ಸಂಖ್ಯೆಗಳು. ನಿಜವಾದ ಡೇಟಾದಲ್ಲಿ ಖಾಲಿ ಜಾಗ ಇದ್ದೇ ಇರತ್ತೆ, ಲೈಬ್ರರಿಗಳು ದೊಡ್ಡ ಮಟ್ಟದಲ್ಲಿ ಬೇರೆ ಬೇರೆಯಾಗಿ ನಡ್ಕೊಳ್ಳೋದು ಇಲ್ಲೇ. ನಂಪೈಗೆ ಒಂದೇ ಒಂದು ನ್ಯಾನ್ ಸಿಕ್ಕಿದ್ರೂ ಸರಾಸರಿ ನ್ಯಾನ್, ಬಿಟ್ಟು ಲೆಕ್ಕ ಹಾಕು ಅಂದ್ರೆ ನ್ಯಾನ್‌ಮೀನ್ ಅಂತ ಬೇರೆ ಕರೀಬೇಕು. ಆರ್ ಕೂಡ ಹಾಗೇ, ಎನ್‌ಎ (ಖಾಲಿ ಜಾಗದ ಗುರುತು) ಬಿಟ್ಬಿಡು ಅಂತ ನಾವೇ ಹೇಳ್ಬೇಕು. ಪಾಂಡಾಸ್ ಮಾತ್ರ ಕೇಳದೇನೇ ಬಿಟ್ಟು ಲೆಕ್ಕ ಹಾಕತ್ತೆ. ಕೆಲಸಕ್ಕೆ ಅನುಕೂಲ ಹೌದು, ಆದ್ರೆ ಸಾವಿರ ಸಾಲಲ್ಲಿ ಒಂಬೈನೂರು ಖಾಲಿ ಇದ್ರೂ ಅದು ಉಳಿದ ನೂರರ ಸರಾಸರೀನ ಅಷ್ಟೇ ಶಾಂತವಾಗಿ ಕೊಡತ್ತೆ. ಅದಕ್ಕೇ ಪಾಂಡಾಸಲ್ಲಿ ಮೀನ್ ಜೊತೆ ಕೌಂಟ್ ಕೂಡ ತೆಗೀರಿ ಅಂತ ಹೇಳ್ತೀನಿ, ಪ್ರತಿ ಸಲ, ತಪ್ಪದೇ. ಖಾಲಿ ಜಾಗಕ್ಕೆ 0 ತುಂಬೋದು ಇನ್ನೂ ಕೆಟ್ಟದ್ದು, ಆ ಸೊನ್ನೆಗಳು ನಿಜವಾದ ಅಳತೆಗಳ ಹಾಗೇ ಸರಾಸರೀಲಿ ಕೂತ್ಕೊಳ್ತವೆ. ಹಳೇ ಫೈಲುಗಳಲ್ಲಿ -1 ಅಥವಾ 999 ಅಂತ ಗುರುತು ಹಾಕಿರ್ತಾರೆ, ಅದನ್ನ ಯಾವ ಲೈಬ್ರರೀನೂ ತಾನಾಗೇ ಪತ್ತೆ ಮಾಡಲ್ಲ, ಮಿನಿಮಮ್ ಮತ್ತು ಮ್ಯಾಕ್ಸಿಮಮ್ ನೋಡಿದ್ರೆ ನಮ್ಮ ಕಣ್ಣಿಗೆ ಬೀಳತ್ತೆ.

ಪೈಥಾನ್ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ ಮೀಡಿಯನ್‌ಗೆ ನ್ಯಾನ್ ಇರೋ ಪಟ್ಟಿ ಕೊಟ್ರೆ ಇನ್ನೊಂದು ಥರದ ಅಪಾಯ. ನ್ಯಾನ್ ಜೊತೆ ಯಾವ ಸಂಖ್ಯೆ ಹೋಲಿಸಿದ್ರೂ ಚಿಕ್ಕದೂ ಅಲ್ಲ ದೊಡ್ಡದೂ ಅಲ್ಲ ಅನ್ನೋ ಉತ್ತರ ಬರತ್ತೆ, ಸಾರ್ಟಿಂಗೇ ಕೆಟ್ಟುಹೋಗತ್ತೆ, ಅದೇ ಸಂಖ್ಯೆಗಳನ್ನ ಬೇರೆ ಕ್ರಮದಲ್ಲಿ ಕೊಟ್ರೆ ಬೇರೆ ಮೀಡಿಯನ್ ಬರಬಹುದು. ಮೊದಲೇ ತೆಗೆದುಹಾಕಿ ಕೊಡಿ.

ಪೂರ್ತಿ ಖಾಲಿ ಪಟ್ಟಿ ಕೊಟ್ರೆ? ಪೈಥಾನ್ ಮಾಡ್ಯೂಲ್ ಎರರ್ ಕೊಡತ್ತೆ, ನಂಪೈ ವಾರ್ನಿಂಗ್ ಕೊಟ್ಟು ನ್ಯಾನ್ ಕೊಡತ್ತೆ. ಜಾವಾದ ಇಂಟ್ ಸಮ್ಮರಿ ಕ್ಲಾಸ್ ಸರಾಸರಿ 0 ಅನ್ನತ್ತೆ, ಮಿನಿಮಮ್ 2147483647 ಅನ್ನತ್ತೆ, ಡಾಕ್ಯುಮೆಂಟೇಶನ್ನಲ್ಲಿ ಹಾಗೇ ಬರೆದೂ ಇದೆ, ಓದದೇ ಇದ್ದೋರ ಡ್ಯಾಶ್‌ಬೋರ್ಡಲ್ಲಿ ಆ ಸಂಖ್ಯೆ ಕಾಣಿಸ್ಕೊಳ್ಳತ್ತೆ. ಆದ್ರೆ ಅದೇ ಜಾವಾದ ಸ್ಟ್ರೀಮಲ್ಲಿ ನೇರವಾಗಿ ಆವರೇಜ್ ಕರೆದ್ರೆ "ಉತ್ತರ ಇರಬಹುದು, ಇಲ್ಲದೇ ಇರಬಹುದು" ಅನ್ನೋ ಆಪ್ಷನಲ್ ಡಬಲ್ ವಾಪಸ್ ಬರತ್ತೆ, ಖಾಲಿ ಇದ್ರೆ ಏನು ಮಾಡ್ಬೇಕು ಅನ್ನೋದನ್ನ ನಾವೇ ಬರೀಬೇಕಾಗತ್ತೆ. ನನಗೆ ಈ ವಿನ್ಯಾಸ ಬಹಳ ಪ್ರಾಮಾಣಿಕ ಅನ್ಸತ್ತೆ.

ಈ ಎಲ್ಲಾ ಸರಿಯಾಗಿದ್ರೂ ಒಂದು ಮಿತಿ ಉಳಿಯತ್ತೆ. ಫ್ರಾನ್ಸಿಸ್ ಆನ್ಸ್‌ಕೋಮ್ 1973ರಲ್ಲಿ ನಾಲ್ಕು ಡೇಟಾಸೆಟ್ ಮಾಡಿ ತೋರಿಸಿದ್ರು, ಪ್ರತಿಯೊಂದರಲ್ಲೂ 11 ಜೋಡಿ ಸಂಖ್ಯೆ. ಎಕ್ಸ್ ಸರಾಸರಿ ನಾಲ್ಕರಲ್ಲೂ 9, ವೈ ಸರಾಸರಿ ನಾಲ್ಕರಲ್ಲೂ 7.50, ಕೋರಿಲೇಶನ್ (ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿತವೆ ಅನ್ನೋ ಅಳತೆ) ಕೂಡ ನಾಲ್ಕರಲ್ಲೂ 0.82ರ ಹತ್ತಿರ. ಗ್ರಾಫ್ ಹಾಕಿದ್ರೆ ಒಂದು ಸಾಧಾರಣ ಗೆರೆ ಸುತ್ತ ಹರಡಿದೆ, ಒಂದು ಬಿಲ್ಲಿನ ಹಾಗೆ ಬಾಗಿದೆ, ಒಂದು ನೇರ ಗೆರೆ ಆದ್ರೆ ಒಂದೇ ಚುಕ್ಕೆ ದೂರ ಹೋಗಿದೆ, ಇನ್ನೊಂದರಲ್ಲಿ ಒಂದು ಬಿಟ್ಟು ಎಲ್ಲವೂ ಒಂದೇ ಲಂಬ ಸಾಲಲ್ಲಿದೆ. ಸಂಖ್ಯೆ ಪ್ರಿಂಟ್ ಮಾಡೋ ಮುಂಚೆ ಒಂದು ಹಿಸ್ಟೋಗ್ರಾಂ ಹಾಕಿ, ಎರಡು ಸಾಲು ಕೋಡ್ ಅಷ್ಟೇ.

ಆಮೇಲೆ ಬಂದ ಪ್ರಶ್ನೆಗಳು. ಒಬ್ಬರು ಕೇಳಿದ್ರು, ಇಷ್ಟೆಲ್ಲಾ ಇರೋವಾಗ ನಾವೇ ಸ್ವಂತ ಫಂಕ್ಷನ್ ಬರ್ಕೊಳ್ಳೋದು ಒಳ್ಳೇದಲ್ವಾ ಅಂತ. ಕಲಿಯೋಕೆ ಅಂತಾದ್ರೆ ಖಂಡಿತ ಬರೀರಿ, ಕೆಲಸಕ್ಕೆ ಲೈಬ್ರರೀನೇ ಬಳಸಿ. ಮೇಲೆ ಹೇಳಿದ ಗುಂಡಿಗಳಲ್ಲಿ ಹೆಚ್ಚಿನವು ಲೈಬ್ರರಿ ಬರೆದೋರು ಆಗಲೇ ಮುಚ್ಚಿರೋದು, ಉಳಿದಿರೋದು ಡೀಫಾಲ್ಟ್ ಆಯ್ಕೆಗಳು, ಅವನ್ನ ಕೋಡಲ್ಲಿ ಸ್ಪಷ್ಟವಾಗಿ ಬರೆದ್ರಾಯ್ತು. ಡಿಡಿಒಎಫ್ ಡೀಫಾಲ್ಟೇ ಸರಿ ಇದ್ರೂ ಬರೀರಿ, ಮುಂದೆ ಓದೋರಿಗೆ ನೀವು ಯೋಚನೆ ಮಾಡಿದೀರಿ ಅಂತ ಗೊತ್ತಾಗಲಿ.

ಇನ್ನೊಬ್ಬರು ಆಕ್ಸಿಸ್ ಬಗ್ಗೆ ಕೇಳಿದ್ರು. ನಂಪೈಯಲ್ಲಿ ಎರಡು ಆಯಾಮದ ಅರೇ ಕೊಟ್ಟು ಆಕ್ಸಿಸ್ ಹೇಳದೇ ಇದ್ರೆ ಎಲ್ಲಾ ಸೇರಿಸಿ ಒಂದೇ ಸಂಖ್ಯೆ ಕೊಡತ್ತೆ, ಪಾಂಡಾಸ್ ಟೇಬಲ್ ಆದ್ರೆ ಕಾಲಮ್ಮಿಗೊಂದು ಕೊಡತ್ತೆ. ಆಕ್ಸಿಸ್ 0 ಅಂದ್ರೆ ಸಾಲುಗಳ ದಿಕ್ಕನ್ನ ಕರಗಿಸು, ಕಾಲಮ್ಮಿಗೊಂದು ಉತ್ತರ ಉಳಿಸು ಅಂತ. ಯಾವ ದಿಕ್ಕು ಮಾಯ ಆಗತ್ತೆ ಅಂತ ಯೋಚಿಸಿದ್ರೆ ತಲೆ ಕೆಡಲ್ಲ, ಅನುಮಾನ ಇದ್ರೆ ಉತ್ತರದ ಶೇಪ್ ಪ್ರಿಂಟ್ ಮಾಡಿ ನೋಡಿ.

ಕೊನೇ ಪ್ರಶ್ನೆ ಬಹಳ ಒಳ್ಳೇದಿತ್ತು: ವೇರಿಯನ್ಸನ್ನ ತುಂಡು ತುಂಡಾಗಿ ಲೆಕ್ಕ ಹಾಕಿ ಜೋಡಿಸಬಹುದು ಅಂದ್ರಿ, ಮೀಡಿಯನ್ನೂ ಹಾಗೇ ಜೋಡಿಸಬಹುದಾ? ಆಗಲ್ಲ. ಅದೇ ಎರಡು ಗುಂಪು ನೋಡಿ, 2, 4, 4, 4ರ ಮೀಡಿಯನ್ 4, 5, 5, 7, 9ರ ಮೀಡಿಯನ್ 6. ಎರಡರ ನಡು 5, ಆದ್ರೆ ಎಂಟರ ನಿಜವಾದ ಮೀಡಿಯನ್ 4.5. ತೂಕ ಹಾಕಿದ್ರೂ ಸರಿಹೋಗಲ್ಲ, ಯಾಕಂದ್ರೆ ಬರೀ 4 ಮತ್ತು 6 ನೋಡಿದ್ರೆ ಅವುಗಳ ನಡುವೆ ಯಾವ ಯಾವ ಸಂಖ್ಯೆ ಇತ್ತು ಅನ್ನೋ ಮಾಹಿತೀನೇ ಉಳಿದಿಲ್ಲ. ದಾರಿ ಎರಡಿದೆ. ಬರಬಹುದಾದ ಬೆಲೆಗಳು ಸೀಮಿತವಾಗಿದ್ರೆ, ಉದಾಹರಣೆಗೆ ವಯಸ್ಸು ಅಥವಾ ನೂರಕ್ಕೆ ಇಷ್ಟು ಅನ್ನೋ ಅಂಕ, ಪ್ರತಿ ಬೆಲೆ ಎಷ್ಟು ಸಲ ಬಂತು ಅಂತ ಎಣಿಕೆ ಇಟ್ಕೊಳ್ಳಿ, ಎಣಿಕೆಗಳನ್ನ ಎಷ್ಟು ಮೆಷಿನ್‌ಗಳಿಂದ ಬೇಕಾದ್ರೂ ಕೂಡಿಸಬಹುದು, ಮೀಡಿಯನ್ ನಿಖರವಾಗೇ ಸಿಗತ್ತೆ. ಬೆಲೆಗಳು ಸೀಮಿತ ಇಲ್ಲ ಅಂದ್ರೆ ಟಿ ಡೈಜೆಸ್ಟ್ ಥರದ ಅಂದಾಜು ವಿಧಾನಗಳಿವೆ, ಅವು ಸಂಖ್ಯೆಗಳನ್ನ ಸಣ್ಣ ಗೊಂಚಲು ಮಾಡಿ ಸಾರಾಂಶ ಇಟ್ಕೊಳ್ತವೆ, ಆ ಸಾರಾಂಶಗಳನ್ನ ಜೋಡಿಸಬಹುದು, ಎರಡು ತುದಿಗಳ ಹತ್ತಿರ, ಅಂದ್ರೆ 99ನೇ ಪರ್ಸೆಂಟೈಲ್ ಥರದ ಜಾಗಗಳಲ್ಲಿ, ಹೆಚ್ಚು ನಿಖರವಾಗಿರೋ ಹಾಗೆ ಅದನ್ನ ಕಟ್ಟಿದಾರೆ. ಬರೋದು ಅಂದಾಜು ಉತ್ತರ, ಹಾಗಾಗಿ ವರದೀಲಿ ಆ ಸಂಖ್ಯೆ ಪಕ್ಕದಲ್ಲಿ ಅಂದಾಜು ಅಂತ ಬರೀರಿ.